ಸಂದಿಯಲ್ಲಿ ಕಲಿತ ಹೊಡೆತ

ಮಗಳ ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ಕೆಳಗಿದೆ ಎಂಬುದು ದರ್ಜಿಯ ಗಮನಕ್ಕೆ ಬಂದದ್ದು ಅವಳ ಹೊಸ ಆಟದ ಅಂಗಿಗೆ ಅಳತೆ ತೆಗೆಯುವಾಗ. ಟೇಪು ಜಾರಿರಬೇಕು ಅಂದುಕೊಂಡು ಇನ್ನೊಮ್ಮೆ ಹಿಡಿದ. ಮತ್ತೆ ಅಷ್ಟೇ ಬಂತು. ಇಪ್ಪತ್ತಾರು ವರ್ಷ ಬೇರೆಯವರ ಭುಜ ಅಳೆದ ಬೆರಳುಗಳು ಎರಡು ಸಲ ತಪ್ಪುವುದಿಲ್ಲ.

“ನೆಟ್ಟಗೆ ನಿಲ್ಲೇ ಕಡ್ಡಿ.”

“ನೆಟ್ಟಗೇ ನಿಂತಿದೀನಪ್ಪಾ.”

“ಕೈ ಎರಡೂ ಮೇಲೆತ್ತು.”

ಹದಿನೈದು ವರ್ಷದ ಹುಡುಗಿ. ಸಣ್ಣಗೆ ಉದ್ದಕ್ಕೆ ಇದ್ದುದರಿಂದ ಎಲ್ಲರಿಗೂ ಕಡ್ಡಿ. ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಕೇಳಿಸುತ್ತಿತ್ತು. ಎಡಗೈ ಸಲೀಸಾಗಿ ಮೇಲೆ ಹೋಯಿತು. ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅವಳು ಕೆಳತುಟಿ ಕಚ್ಚಿಕೊಂಡು, ಗೋಡೆಗೆ ತೂಗುಹಾಕಿದ್ದ ಅರ್ಧ ಹೊಲಿದ ಕೋಟುಗಳ ಕಡೆ ನೋಡಿದಳು.

ಕಂಕುಳಲ್ಲಿ ಬಿಗಿಯಾಗುತ್ತಿದೆ ಎಂದು ಹಳೆಯ ಅಂಗಿಯನ್ನು ಅವಳು ಎರಡು ಸಲ ತಂದುಕೊಟ್ಟಿದ್ದಳು. ಎರಡು ಸಲವೂ ಅವನು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದ. ಬಿಗಿಯಾಗಿದ್ದದ್ದು ಅಂಗಿಯಲ್ಲ.

“ಎಷ್ಟು ದಿನದಿಂದ?”

“ಏನು?”

“ನೋವು ಕಣೇ.”

“ಎರಡು ತಿಂಗಳು ಆಗಿರ್ಬೇಕು.”

“ಹೇಳೋಕೆ ಬಾಯಿರ್ಲಿಲ್ವಾ?”

“ಹೇಳಿದ್ರೆ ಏನು ಮಾಡ್ತಿದ್ದೆ? ಇನ್ನೂ ಸ್ವಲ್ಪ ಬಲ ಹಾಕು, ಪಳಗುತ್ತೆ ಅಂತಿದ್ದೆ.”

ದರ್ಜಿ ಟೇಪನ್ನು ಸುತ್ತಿ ಕತ್ತಿಗೆ ಹಾಕಿಕೊಂಡ. ಅವನು ಹಾಗೇ ಅನ್ನುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ.

ಅವಳಿಗೆ ಬ್ಯಾಡ್ಮಿಂಟನ್ ಕಲಿಸಿದವನು ಅವನೇ. ಅವನಿಗೆ ಮಾತ್ರ ಯಾರೂ ಕಲಿಸಿರಲಿಲ್ಲ. ಹುಡುಗನಾಗಿದ್ದಾಗ ಒಂದು ಕ್ಲಬ್ಬಿನ ಕಿಟಕಿಯಾಚೆ ನಿಂತು ನೋಡಿದ್ದನ್ನೆಲ್ಲ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಆಡಿ ರೂಢಿಸಿಕೊಂಡಿದ್ದ. ಈಗ ಅವನ ಅಂಗಡಿ ಇರುವುದೂ ಆ ಸಂದಿಯ ಬಾಯಲ್ಲೇ. ಮಗಳಿಗೆ ಏಳು ತುಂಬಿದಾಗ ಅವಳನ್ನೂ ಅಲ್ಲಿಗೇ ಕರೆದುಕೊಂಡು ಹೋದ. “ಎದುರಾಳಿಗೆ ಎದೆ ಕೊಟ್ಟು ನಿಲ್ಲು. ಪಕ್ಕಕ್ಕೆ ತಿರುಗಿದೆಯೋ, ಹೆದರಿದೆ ಅಂತ ಲೆಕ್ಕ” ಎಂಬುದು ಅವನ ಮೊದಲ ಪಾಠ. ಹುಡುಗಿ ಚುರುಕು. ಶಾಲೆಯಲ್ಲಿ, ಅಕ್ಕಪಕ್ಕದ ಶಾಲೆಗಳಲ್ಲಿ ಗೆಲ್ಲುತ್ತಾ ಬಂದಳು. ಆದರೆ ಈ ವರ್ಷ ದೊಡ್ಡ ಹುಡುಗಿಯರ ಗುಂಪಿಗೆ ಸೇರಿದ ಮೇಲೆ ಒಂದೇ ಒಂದು ಹೊಡೆತ ಅವಳನ್ನು ಸೋಲಿಸತೊಡಗಿತು. ಅದರ ಹೆಸರು ಕ್ಲಿಯರ್. ಕೋರ್ಟಿನ ತೀರ ಹಿಂದಿನಿಂದ, ತಲೆಯ ಮೇಲಿಂದ ಹೊಡೆದು, ಶಟಲನ್ನು ಎತ್ತರಕ್ಕೆ ಹಾರಿಸಿ ಎದುರಾಳಿಯ ಹಿಂದಿನ ಗೆರೆಯವರೆಗೆ ಕಳಿಸಬೇಕು. ಕಡ್ಡಿಯ ಶಟಲ್ ಅರ್ಧಕ್ಕೇ ಬೀಳುತ್ತಿತ್ತು. ಎದುರಿನವಳು ಕಾದು ನಿಂತು ಅದನ್ನು ನೆಲಕ್ಕೆ ಬಾರಿಸುತ್ತಿದ್ದಳು. ಹಾಗಾಗಿ ದರ್ಜಿ ದಿನಕ್ಕೆ ಇನ್ನೂರು ಕ್ಲಿಯರ್ ಹೊಡೆಸುತ್ತಿದ್ದ. ಬಲ ಹಾಕು, ಬಲ ಹಾಕು. ವಲಯದ ತಂಡದ ಆಯ್ಕೆಗೆ ಹನ್ನೊಂದು ವಾರ ಉಳಿದಿತ್ತು.

ಡಾಕ್ಟರು ಭುಜವನ್ನು ತಿರುಗಿಸಿ, ಒತ್ತಿ, ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. “ಸ್ನಾಯು ಹರಿದಿಲ್ಲ. ಊತ ಇದೆ. ಮೂರು ವಾರ ರಾಕೆಟ್ ಮುಟ್ಟೋ ಹಾಗಿಲ್ಲ. ಆಮೇಲೂ ಹೀಗೇ ಹೊಡೆದ್ರೆ ಹರಿಯುತ್ತೆ. ಆಟ ಹೇಳ್ಕೊಡೋರು ಯಾರು?”

ದರ್ಜಿ ಕೆಮ್ಮಿದ. ಅವನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಗೊತ್ತಿರಲಿಲ್ಲ. “ಇಲ್ಲೇ ಕೂತಿದಾರಲ್ಲ ಡಾಕ್ಟ್ರೇ, ಇವ್ರೇ,” ಅಂದಳು.

ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಒಂದು ವಿಳಾಸ ಬರೆದುಕೊಟ್ಟರು.

ಆ ವಿಳಾಸದಲ್ಲಿದ್ದದ್ದು ಊರಿನ ಇನ್ನೊಂದು ತುದಿಯ ಆಟದ ಹಾಲ್. ಎರಡು ಬಸ್ಸು ಬದಲಿಸಬೇಕು. ತಗಡಿನ ಛಾವಣಿ, ನಾಲ್ಕು ಕೋರ್ಟು, ಮೇಲೆ ಒಂದು ಬದಿಗೆ ಕಬ್ಬಿಣದ ಗ್ಯಾಲರಿ. ಅಲ್ಲಿ ಕಲಿಸುತ್ತಿದ್ದವರು ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದ ಒಬ್ಬ ಗಿಡ್ಡ ಹೆಂಗಸು. ಒಂದು ಮೊಣಕಾಲಿಗೆ ಪಟ್ಟಿ, ಕತ್ತಿನಲ್ಲಿ ಎಂದೂ ಊದದ ವಿಶಲ್. ಎಲ್ಲರೂ ಮೇಡಂ ಅನ್ನುತ್ತಿದ್ದರು. ಮೂರು ವಾರದ ವಿಶ್ರಾಂತಿ ಮುಗಿಸಿ ಬಂದ ಕಡ್ಡಿಗೆ ಅವರು ಮೂರು ಶಟಲ್ ಎತ್ತಿ ಹಾಕಿದರು. ನಾಲ್ಕನೆಯದು ಹಾಕಲಿಲ್ಲ.

“ಯಾರು ಹೇಳ್ಕೊಟ್ಟಿದ್ದು?”

ಕಡ್ಡಿ ನೆಲ ನೋಡಿದಳು.

“ನಾನೇ,” ಅಂದ ದರ್ಜಿ.

“ನಿಮ್ಮ ಕೆಲಸ ಏನು?”

“ಟೈಲರ್.”

“ನಾನು ನಿಮ್ಮ ಕತ್ತರಿ ತಗೊಂಡು ಕೋಟು ಕತ್ತರಿಸಿದ್ರೆ ಹೇಗಿರುತ್ತೆ?”

ದರ್ಜಿ ಮಗಳ ರಾಕೆಟ್ಟಿನ ಕಡೆ ನೋಡಿದ.

“ಹಾಗಿದೆ,” ಅಂದರು ಮೇಡಂ.

ಆಮೇಲೆ ಅವನನ್ನು ಮರೆತವರ ಹಾಗೆ ಹುಡುಗಿಯ ಕಡೆ ತಿರುಗಿದರು. “ಬಾಣಲೆ ಹಿಡಿದ ಹಾಗೆ ಹಿಡ್ಕೊಂಡಿದೀಯ. ಯಾರಿಗೋ ಕೈ ಕುಲುಕೋ ಹಾಗೆ ಹಿಡಿ. ಅಷ್ಟು ಗಟ್ಟಿಯಾಗಿ ಬೇಡಮ್ಮ, ಒದ್ದೆ ಸೋಪು ಅಂದ್ಕೋ. ಹಿಸುಕಿದ್ರೆ ಹಾರಿ ಹೋಗುತ್ತೆ. ಶಟಲ್ ತಾಗೋ ಹೊತ್ತಿಗಷ್ಟೇ ಬಿಗಿ. ಈಗ ಪಕ್ಕಕ್ಕೆ ತಿರುಗು. ಇನ್ನೂ. ಎಡಗೈ ಮೇಲೆತ್ತಿ ಶಟಲ್ ಕಡೆ ತೋರಿಸು. ಬಲ ಮೊಣಕೈ ಮೊದಲು ಮೇಲೆ ಬರಬೇಕು. ಹಿಂಗಾಲಿಂದ ನೆಲ ಒದಿ, ಸೊಂಟ ತಿರುಗಲಿ, ಆಮೇಲೆ ಭುಜ, ಆಮೇಲೆ ಮೊಣಕೈ, ಎಲ್ಲಕ್ಕಿಂತ ಕೊನೆಗೆ ಮುಂಗೈ. ಶಟಲ್ ತಲೆ ಮೇಲೆ, ಚೂರು ಮುಂದೆ, ಕೈಗೆಟುಕೋ ಅಷ್ಟೂ ಎತ್ತರದಲ್ಲಿ ಸಿಗಬೇಕು.”

ದರ್ಜಿಗೆ ತಡೆಯಲಾಗಲಿಲ್ಲ. “ಬಲ ಎಲ್ಲಿ ಹಾಕ್ಬೇಕು ಮೇಡಂ?”

“ಬಲ ಕಾಲಿಂದ ಬರುತ್ತೆ. ಕೈ ಬರೀ ಪೋಸ್ಟ್‌ಮ್ಯಾನ್. ಬಂದದ್ದನ್ನ ತಲುಪಿಸೋದಷ್ಟೇ ಅದರ ಕೆಲಸ. ನೀವು ಪೋಸ್ಟ್‌ಮ್ಯಾನ್ ಕೈಲೇ ಪತ್ರಾನೂ ಬರೆಸಿದೀರಿ.”

ಅವನನ್ನು ಬದಿಗೆ ಕರೆದು ಒಂದು ಷರತ್ತು ಹಾಕಿದರು. ಆಯ್ಕೆಯವರೆಗೆ ಅವನು ಆಟದ ವಿಷಯ ಮಗಳ ಹತ್ತಿರ ತುಟಿ ಬಿಚ್ಚಬಾರದು. ಮನೆಯಲ್ಲಿ ರಾಕೆಟ್ ಹೊರಗೆ ಬರಬಾರದು. ಅವನು ಹಾಲಿಗೆ ಬಂದರೆ ಗ್ಯಾಲರಿಯಲ್ಲಿ ಕೂರಬೇಕು, ಕೆಳಗಿಳಿಯಬಾರದು. “ಎರಡು ಬಾಯಿ ಹೇಳಿದ್ರೆ ಒಂದು ಕೈ ಯಾರ ಮಾತು ಕೇಳುತ್ತೆ?” ದರ್ಜಿ ಒಪ್ಪಿದ.

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಮನಸಾರೆ ನಕ್ಕಳು. “ಪೋಸ್ಟ್‌ಮ್ಯಾನ್ ಮಾತು ಚೆನ್ನಾಗಿದೆ. ನಮ್ಮ ಇಲಾಖೆ ತಿಳಿದೋರು.” ದರ್ಜಿ ನಗಲಿಲ್ಲ.

ಮೊದಲ ಎರಡು ವಾರ ಕಡ್ಡಿಯ ಕೈಗೆ ರಾಕೆಟ್ಟೇ ಬರಲಿಲ್ಲ. ಪಕ್ಕಕ್ಕೆ ತಿರುಗಿ ನಿಂತು ಹಳೆಯ ಚೆಂಡುಗಳನ್ನು ಹಾಲಿನ ಆ ತುದಿಯ ಗೋಡೆಗೆ ಎಸೆಯುವುದು, ಮತ್ತೆ ಹೆಕ್ಕಿ ತರುವುದು. ಗ್ಯಾಲರಿಯಲ್ಲಿ ಕೂತ ದರ್ಜಿ ಕಬ್ಬಿಣದ ಕಂಬಿ ಹಿಡಿದುಕೊಂಡಿರುತ್ತಿದ್ದ. ಮೂರನೆಯ ವಾರ ರಾಕೆಟ್ ಬಂತು, ಅದರ ಜೊತೆ ಅಧ್ವಾನವೂ ಬಂತು. ಮೊಣಕೈ ನೆನಪಿಟ್ಟರೆ ಕಾಲು ಮರೆಯುತ್ತಿತ್ತು, ಕಾಲು ಸರಿಯಾದರೆ ಶಟಲ್ ದಾಟಿ ಹೋಗಿರುತ್ತಿತ್ತು. ರಾಕೆಟ್ಟಿನ ಅಂಚಿಗೆ ತಾಗಿ ‘ಟಕ್’ ಎಂದು ಶಟಲ್ ಎಲ್ಲೆಲ್ಲೋ ಹಾರುತ್ತಿತ್ತು. ಐದನೆಯ ವಾರ ಹನ್ನೊಂದು ವರ್ಷದ ಒಬ್ಬ ಹುಡುಗಿ, ಹಲ್ಲಿಗೆ ತಂತಿ ಹಾಕಿಕೊಂಡವಳು, ಕಡ್ಡಿಯನ್ನು ಇಪ್ಪತ್ತೊಂದು–ಒಂಬತ್ತಕ್ಕೆ ಸೋಲಿಸಿ ನೀರು ಕುಡಿಯಲು ಓಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಯಲ್ಲೂ ಇಲ್ಲ. ತಟ್ಟೆಗಳ ಸದ್ದು ಮಾತ್ರ. “ಇದೇನು, ಅಪ್ಪ ಮಗಳು ಸೇರಿ ಮೂಕ ನಾಟಕ ಮಾಡ್ತಿದೀರಾ?” ಎಂದು ಹೆಂಡತಿ ಕೇಳಿದಳು. ದರ್ಜಿ ಅನ್ನ ಕಲಸುತ್ತಾ ಲೆಕ್ಕ ಹಾಕುತ್ತಿದ್ದ. ಇದ್ದ ಆಟವೂ ಹೋಯಿತು, ಹೊಸದೂ ಬರಲಿಲ್ಲ. ಆ ಹೆಂಗಸಿಗೇನು, ನೂರು ಮಕ್ಕಳಲ್ಲಿ ಇವಳೊಬ್ಬಳು.

ಆಯ್ಕೆಗೆ ಹತ್ತೊಂಬತ್ತು ದಿನವಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಅವನು ರಾಕೆಟ್ ಎತ್ತಿಕೊಂಡ.

“ಬಾ, ಹತ್ತೇ ಹತ್ತು. ಹಳೇ ಕೈ ಮರೆತು ಹೋಗಿದ್ಯಾ ನೋಡೋಣ.”

“ಬೇಡಪ್ಪಾ. ಮೇಡಂ ಬೇಡ ಅಂದಿದಾರೆ.”

“ಮೇಡಂ ನಿನಗೆ ಏಳನೇ ವಯಸ್ಸಿಂದ ಹೇಳ್ಕೊಟ್ಟಿದ್ರಾ?”

ಅವಳು ಅಮ್ಮನಿಗಾಗಿ ಸುತ್ತ ನೋಡಿದಳು. ಅಮ್ಮ ಮಾರುಕಟ್ಟೆಗೆ ಹೋಗಿದ್ದಳು.

ಸಂದಿಯಲ್ಲಿ ಅವನು ಮೊದಲ ಶಟಲನ್ನು ಎತ್ತರಕ್ಕೆ ಎತ್ತಿ ಹಾಕಿದ. ಐದು ವಾರದ ಪಾಠ ಮೈಗೆ ಹತ್ತತೊಡಗಿತ್ತೋ ಏನೋ, ಕಡ್ಡಿ ತಾನಾಗಿಯೇ ಪಕ್ಕಕ್ಕೆ ತಿರುಗಿದಳು. ಮೊಣಕೈ ಮೇಲೆದ್ದಿತು, ಸೊಂಟ ತಿರುಗಿತು, ರಾಕೆಟ್ ಬೆನ್ನ ಹಿಂದಿನಿಂದ ಪೂರ್ತಿ ಸುತ್ತಿ ಬಂತು. ಬಂದು ಬಲಗಡೆಯ ಇಟ್ಟಿಗೆ ಗೋಡೆಗೆ ಧಡ್ಡನೆ ಬಡಿಯಿತು. ಬೆರಳ ಗೆಣ್ಣುಗಳು ಗೋಡೆಗೆ ಉಜ್ಜಿ ಚರ್ಮ ಸುಲಿಯಿತು.

“ಸರಿಯಾಗಿ ಎದುರಿಗೆ ನಿಂತ್ಕೊಳೇ!” ದರ್ಜಿ ಕೂಗಿದ. ಕೂಗಿದ್ದು ಸಿಟ್ಟಿನಿಂದಲೋ ಗಾಬರಿಯಿಂದಲೋ ಅವನಿಗೇ ತಿಳಿಯಲಿಲ್ಲ.

ಅವಳು ಎದುರಿಗೆ ನಿಂತಳು. ಎದೆ ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿ, ಹಳೆಯ ಹಾಗೆ. ಎರಡು ಹೊಡೆದಳು, ಮೂರು ಹೊಡೆದಳು. ನಾಲ್ಕನೆಯದಕ್ಕೆ ರಾಕೆಟ್ ಕೈಬಿಟ್ಟು ಭುಜ ಹಿಡಿದುಕೊಂಡು ಗೋಡೆಗೊರಗಿ ಕುಳಿತಳು. ಅಳಲಿಲ್ಲ. ಅವನನ್ನೇ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಅದಕ್ಕೇ ಅವನಿಗೆ ಅದನ್ನು ಎದುರಿಸಲಾಗಲಿಲ್ಲ.

ಮರುದಿನ ಮೇಡಂ ಬ್ಯಾಂಡೇಜು ನೋಡಿದರು. “ಎಲ್ಲಿ ಬಿದ್ದೆ?”

“ಬಿದ್ದಿಲ್ಲ. ಗೋಡೆ ತಾಗಿತು.”

“ಯಾವ ಗೋಡೆ?”

ಕಡ್ಡಿ ಗ್ಯಾಲರಿಯ ಕಡೆ ನೋಡದಿರಲು ಎಷ್ಟು ಕಷ್ಟಪಟ್ಟಳೆಂದರೆ, ಮೇಡಂಗೆ ಅಷ್ಟೇ ಸಾಕಾಯಿತು. ತಲೆಯೆತ್ತಿ, “ಟೈಲರ್, ಸ್ವಲ್ಪ ಕೆಳಗೆ ಬನ್ನಿ,” ಅಂದರು. ಕೂಗಲಿಲ್ಲ. ಆದರೂ ನಾಲ್ಕೂ ಕೋರ್ಟಿನಲ್ಲಿ ಆಟ ನಿಂತಿತು.

ಅವನ ಕೈಗೆ ರಾಕೆಟ್ ಕೊಟ್ಟು ಹಿಂದಿನ ಗೆರೆಯ ಹತ್ತಿರ ನಿಲ್ಲಿಸಿದರು. “ಒಂದು ಕ್ಲಿಯರ್ ಹೊಡೀರಿ.”

ಹದಿನೈದಿಪ್ಪತ್ತು ಮಕ್ಕಳು ನೋಡುತ್ತಿದ್ದರು. ಹಲ್ಲಿನ ತಂತಿಯವಳೂ ಇದ್ದಳು. ಶಟಲ್ ಬಂತು, ದರ್ಜಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ. ಅದು ನೆಟ್ ದಾಟಿ ಎರಡು ಹೆಜ್ಜೆಗೆ ಬಿತ್ತು. ಇನ್ನೊಂದು. ಅದೂ ಅಲ್ಲೇ. ಮೂರನೆಯದಕ್ಕೆ ಭುಜದಲ್ಲಿ ಏನೋ ಚುಳುಕ್ ಎಂದಿತು. ಈ ಚುಳುಕು ಹೊಸತಲ್ಲ. ವರ್ಷಗಳಿಂದ ಇತ್ತು, ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬಂದದ್ದು ಎಂದುಕೊಂಡಿದ್ದ.

ಮೇಡಂ ಅವನ ಬಲಗಡೆಗೆ ಬಂದು ನಿಂತು, ಒಂದು ಮೊಳ ದೂರದಲ್ಲಿ ಗಾಳಿಯಲ್ಲಿ ಕೈಯಿಂದ ಒಂದು ಗೆರೆ ಎಳೆದರು. “ಇಲ್ಲಿ ಏನಿತ್ತು?”

“ಎಲ್ಲಿ?”

“ನೀವು ಆಟ ಕಲಿತ ಕಡೆ. ನಿಮ್ಮ ಕೈ ಇಲ್ಲಿಗೆ ಬಂದು ಹೆದರಿ ನಿಲ್ಲುತ್ತೆ. ಇಲ್ಲಿ ಏನೋ ಇತ್ತು.”

ದರ್ಜಿ ಆ ಗೆರೆಯತ್ತ ಕೈ ಚಾಚಿದ. “ಗೋಡೆ,” ಅಂದ. “ಎರಡೂ ಕಡೆ. ಸಂದಿ ಅದು. ಇಬ್ಬರು ಪಕ್ಕಪಕ್ಕ ನಿಂತ್ಕೊಳ್ಳೋಕೆ ಆಗಲ್ಲ.”

“ಅದಕ್ಕೇ ಎದೆ ಕೊಟ್ಟು ನಿಂತಿರಿ.”

“ಅದು... ಧೈರ್ಯಕ್ಕೆ ಅಂತ ಹೇಳ್ಕೊಡ್ತಿದ್ದೆ.”

“ಧೈರ್ಯ ಅಲ್ಲ ಟೈಲರ್, ಜಾಗ ಇರ್ಲಿಲ್ಲ.” ಅವರ ದನಿ ಮೊದಲ ಸಲ ಸ್ವಲ್ಪ ಮೆತ್ತಗಾಗಿತ್ತು. “ಅಂಥ ಕಡೆ ಇಷ್ಟು ಕಲಿತದ್ದೇ ದೊಡ್ಡದು. ಆದ್ರೆ ಈ ಹುಡುಗಿಗೆ ಗೋಡೆ ಇಲ್ಲ. ಹತ್ತೊಂಬತ್ತು ದಿನ ಇತ್ತು, ನೀವು ನಾಲ್ಕು ದಿನ ತಿಂದ್ರಿ. ನಾಲ್ಕು ದಿನ ಇವಳು ಬರೀ ಕಾಲಿನ ಅಭ್ಯಾಸ ಮಾಡ್ಲಿ, ಭುಜ ತಣ್ಣಗಾಗ್ಲಿ. ಇನ್ನೊಂದು ಸಲ ಹೀಗಾದ್ರೆ ಕರ್ಕೊಂಡು ಹೋಗಿಬಿಡಿ.”

ದರ್ಜಿ ಮಕ್ಕಳ ನಡುವಿನಿಂದ ನಡೆದು ಗ್ಯಾಲರಿಗೆ ಹೋಗಲಿಲ್ಲ, ನೇರ ಬಸ್‌ಸ್ಟಾಪಿಗೆ ಹೋದ. ಒಂದು ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಆಮೇಲೆ ಎದ್ದು ವಾಪಸ್ ಬಂದು, ಸದ್ದಾಗದ ಹಾಗೆ ಮೆಟ್ಟಿಲು ಹತ್ತಿ, ತನ್ನ ಜಾಗದಲ್ಲಿ ಕೂತ.

ಆಯ್ಕೆಯ ದಿನ ಎಂಟು ಹುಡುಗಿಯರು, ನಾಲ್ಕು ಜಾಗ. ಮಧ್ಯಾಹ್ನದ ಹೊತ್ತಿಗೆ ಮೂರು ಜಾಗ ತುಂಬಿತ್ತು. ನಾಲ್ಕನೆಯದಕ್ಕೆ ಕಡ್ಡಿಯೂ ಇನ್ನೊಬ್ಬ ಎತ್ತರದ ಹುಡುಗಿಯೂ ಆಡಬೇಕಾಗಿ ಬಂತು. ಹೆಂಡತಿಯೂ ರಜೆ ಹಾಕಿ ಬಂದು ಗ್ಯಾಲರಿಯಲ್ಲಿ ಪಕ್ಕಕ್ಕೇ ಕೂತಿದ್ದಳು. ಮೊದಲ ಗೇಮ್ ಎತ್ತರದವಳದು, ಎರಡನೆಯದು ಕಡ್ಡಿಯದು. ಮೂರನೆಯದರಲ್ಲಿ ಹದಿನೇಳು ಸಮ.

ಎದುರಿನವಳಿಗೆ ಕಡ್ಡಿಯ ಹಳೆಯ ಆಟ ಗೊತ್ತಿತ್ತು. ಒಂದೇ ಸಮನೆ ಹಿಂದಿನ ಮೂಲೆಗೆ ಎತ್ತಿ ಹಾಕುತ್ತಿದ್ದಳು. ಕಡ್ಡಿ ಓಡಿ ಹೋಗಿ ತಿರುಗಿ ಹೊಡೆಯುತ್ತಿದ್ದಳು. ಕೆಲವು ಕ್ಲಿಯರ್ ಎಷ್ಟು ಚೆಂದ ಹೋದವೆಂದರೆ, ಶಟಲ್ ಛಾವಣಿಯ ದೀಪದ ಹತ್ತಿರ ಒಂದು ಗಳಿಗೆ ನಿಂತು, ಎತ್ತರದವಳ ಬೆನ್ನ ಹಿಂದೆ ನೆಟ್ಟಗೆ ಇಳಿಯಿತು. ಕೆಲವು ಅಂಚಿಗೆ ತಾಗಿ ಹಾಳಾದವು. ಹದಿನೇಳಾದ ಮೇಲೆ ಒಂದು ಉದ್ದವಾಗಿ ಗೆರೆಯಾಚೆ ಬಿತ್ತು. ಇನ್ನೊಂದೂ ಹಾಗೇ ಬಿತ್ತು. ಹದಿನೇಳು–ಹತ್ತೊಂಬತ್ತು.

ಆಗ ಕಡ್ಡಿ ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದಳು.

ಅವಳು ಏನು ಕೇಳುತ್ತಿದ್ದಾಳೆಂಬುದು ದರ್ಜಿಗೆ ತಿಳಿಯಿತು. ರಾಕೆಟ್ ಹಿಡಿದ ಬೆರಳುಗಳು ಆಗಲೇ ಬಾಣಲೆ ಹಿಡಿತಕ್ಕೆ ಜಾರುತ್ತಿದ್ದವು. ಹಳೆಯ ಹೊಡೆತ ದೂರ ಹೋಗುತ್ತಿರಲಿಲ್ಲ, ನಿಜ. ಆದರೆ ಗೆರೆಯಾಚೆಯಂತೂ ಬೀಳುತ್ತಿರಲಿಲ್ಲ. ಇನ್ನು ನಾಲ್ಕೇ ಅಂಕ. ಎತ್ತರದವಳೂ ದಣಿದಿದ್ದಳು. ಅವನು ಒಂದು ಸಲ ತಲೆಯಾಡಿಸಿದರೆ ಸಾಕಿತ್ತು.

“ಏನಾದ್ರೂ ಹೇಳ್ರೀ ಅವಳಿಗೆ,” ಹೆಂಡತಿ ಪಿಸುಗುಟ್ಟಿದಳು. “ನಿಮ್ಮನ್ನೇ ನೋಡ್ತಿದಾಳೆ.”

ಅವನು ತಲೆಯಾಡಿಸಲಿಲ್ಲ. ಕೈ ಎತ್ತಲಿಲ್ಲ. ಗದ್ದದಿಂದ ಕೆಳಗೆ, ಬೆಂಚಿನ ಮೇಲೆ ಕೂತಿದ್ದ ಮೇಡಂ ಕಡೆ ತೋರಿಸಿದ. ನನ್ನನ್ನಲ್ಲ, ಅವರನ್ನು ಕೇಳು.

ಕಡ್ಡಿ ತಿರುಗಿದಳು. ಮೇಡಂ ಹೇಳಿದ್ದು ಎರಡೇ ಪದ. “ಪೂರ್ತಿ ತಿರುಗು.”

ಹದಿನೆಂಟಾಯಿತು. ಹತ್ತೊಂಬತ್ತಾಯಿತು. ಇಪ್ಪತ್ತಕ್ಕೆ ಇಪ್ಪತ್ತು ಸಮವಾದಾಗ ಹಾಲಿನಲ್ಲಿ ಬೂಟಿನ ಕಿರುಚು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎತ್ತರದವಳು ನೆಟ್ ಹತ್ತಿರ ಒಂದು ಅಂಕ ಗಿಟ್ಟಿಸಿದಳು. ಮುಂದಿನ ಸುತ್ತು ಮುಗಿಯುವ ಹಾಗೆಯೇ ಕಾಣಲಿಲ್ಲ. ಮೂಲೆಯಿಂದ ಮೂಲೆಗೆ, ಹಿಂದೆ, ಮುಂದೆ, ಮತ್ತೆ ಹಿಂದೆ. ಹೆಂಡತಿ ಅವನ ಮುಂಗೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಶಟಲ್ ಕಡ್ಡಿಯ ತೀರ ಹಿಂದಿನ ಮೂಲೆಗೆ ಹೋಯಿತು. ಅವಳು ತಿರುಗಿದಳು, ಎಡಗೈ ಮೇಲೆ, ಮೊಣಕೈ ಮೇಲೆ, ನೆಲ ಒದ್ದು ಹೊಡೆದಳು. ಆ ಸದ್ದು ದರ್ಜಿ ಆವರೆಗೆ ಮಗಳ ರಾಕೆಟ್ಟಿನಿಂದ ಕೇಳಿದ ಸದ್ದಲ್ಲ. ಬಟ್ಟೆಯ ಥಾನನ್ನು ಒಮ್ಮೆಗೇ ಹರಿದ ಹಾಗಿತ್ತು. ಎತ್ತರದವಳು ನಿಂತಲ್ಲೇ ನಿಂತು ತಲೆಯೆತ್ತಿ ನೋಡುತ್ತಾ ಉಳಿದಳು.

ಶಟಲ್ ಹಿಂದಿನ ಗೆರೆಯಿಂದ ಎರಡು ಬೆರಳು ಆಚೆ ಬಿತ್ತು. ಗೆರೆಯ ಬಳಿ ಕೂತವನು ಎರಡೂ ಕೈ ಅಗಲಿಸಿದ. ಹೊರಗೆ.

ಬಸ್ಸಿನಲ್ಲಿ ಕಡ್ಡಿ ಕಿಟಕಿಯ ಪಕ್ಕ ಕೂತಳು. ಕಣ್ಣು ಕೆಂಪಾಗಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ಎರಡೂ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎರಡು ನಿಲ್ದಾಣ ದಾಟಿದ ಮೇಲೆ ಹುಡುಗಿ ಬಾಯಿಬಿಟ್ಟಳು.

“ಹಳೇ ಥರ ಹೊಡೆದಿದ್ರೆ ಗೆಲ್ತಿದ್ದೆ.”

“ಗೆಲ್ತಿದ್ಯೇನೋ,” ಅಂದ ದರ್ಜಿ.

“ಮತ್ತೆ ಯಾಕೆ ಹೇಳ್ಲಿಲ್ಲ? ನಾನು ನಿನ್ನನ್ನೇ ಕೇಳಿದ್ನಲ್ಲ!”

ಅವನಿಗೆ ಒಳ್ಳೆಯ ಮಾತುಗಳು ಎರಡು ಮೂರು ಬಾಯಿಗೆ ಬಂದವು, ಯಾವುದೂ ನಿಜ ಅನ್ನಿಸಲಿಲ್ಲ. “ಹೆದರಿಕೆ ಆಯ್ತು,” ಅಂದ ಕೊನೆಗೆ. “ನಿನ್ನ ಭುಜದ ಮೇಲೆ ಇನ್ನೊಂದು ಸಲ ನನ್ನ ಮಾತು ಬೀಳೋದು ಬೇಡ ಅನ್ನಿಸ್ತು.”

ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

“ನೋವಿದ್ಯಾ?”

“ಇಲ್ಲ!” ಅಂದಳು ಸಿಡುಕಿ, ಅದೂ ಅವನದೇ ತಪ್ಪು ಎಂಬಂತೆ.

ಅವಳು ಐದನೆಯವಳಾಗಿ ಮೀಸಲು ಆಟಗಾರ್ತಿ ಎಂದು ಸಂಜೆ ಮೇಡಂ ಫೋನು ಮಾಡಿ ತಿಳಿಸಿದರು. ಯಾರಿಗಾದರೂ ಆಡಲಾಗದಿದ್ದರೆ ಇವಳಿಗೆ ಕರೆ ಬರುತ್ತದೆ. ತಂಡದ ಜೊತೆ ಅಭ್ಯಾಸ ಸೋಮವಾರದಿಂದ. ಕಡ್ಡಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮರುದಿನ ಶನಿವಾರವೆಲ್ಲ ರಾಕೆಟ್ಟಿನ ಚೀಲ ಬಾಗಿಲ ಹಿಂದೆ ಬಿದ್ದಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಭಾನುವಾರ ಸಂಜೆ ಅವಳು ಅಂಗಡಿಗೆ ಬಂದು ಯಂತ್ರದ ಪಕ್ಕ ನಿಂತಳು.

“ನಾಳೆ ಬರ್ತೀಯಾ?”

ದರ್ಜಿ ಕಾಲು ನಿಲ್ಲಿಸಿದ. ಯಂತ್ರ ನಿಂತಿತು. “ಬರ್ಲಾ? ಮೇಲೆ ಕೂತಿರ್ತೀನಿ. ಬಾಯಿ ಬಿಡಲ್ಲ.”

“ಮೇಲೆ ಬೇಡ. ಮೇಡಂಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಶಟಲ್ ಎತ್ತಿ ಹಾಕೋಕೆ ಒಬ್ಬರು ಬೇಕಂತೆ. ನಿಮ್ಮಪ್ಪಂಗೆ ಬರುತ್ತಾ ಕೇಳು ಅಂದ್ರು.”

“ನೀನೇನಂದೆ?”

“ಹೇಳ್ಕೊಟ್ರೆ ಬರುತ್ತೆ ಅಂದೆ.”

ಸೋಮವಾರ ಬೆಳಿಗ್ಗೆ ದರ್ಜಿ ಗ್ಯಾಲರಿ ಹತ್ತದೆ ಕೋರ್ಟಿಗಿಳಿದ. ಎಡತೋಳಿನ ಮೇಲೆ ಪೇರಿಸಿದ ಹನ್ನೆರಡು ಶಟಲ್, ಬಲಗೈಯಲ್ಲಿ ರಾಕೆಟ್. ಮೊದಲನೆಯದನ್ನು ಎತ್ತಿ ಹಾಕಿದ.

“ಗಿಡ್ಡ ಆಯ್ತು ಟೈಲರ್!” ಕುರ್ಚಿಯಿಂದ ಮೇಡಂ ಕೂಗಿದರು. “ಹುಡುಗಿ ತಿರುಗೋಕೆ ಹೊತ್ತು ಬೇಡ್ವಾ? ಇನ್ನೂ ಎತ್ತರ, ಇನ್ನೂ ಹಿಂದೆ!”

“ಆಗ್ಲಿ ಮೇಡಂ,” ಅಂದ ದರ್ಜಿ, ಮತ್ತು ಎರಡನೆಯದನ್ನು ಎತ್ತರಕ್ಕೆ ಹಾಕಿದ. ಕಡ್ಡಿ ಆಗಲೇ ಪಕ್ಕಕ್ಕೆ ತಿರುಗಿ, ಎಡಗೈ ಮೇಲೆತ್ತಿ, ಹಿಂದೆ ಹಿಂದೆ ಹೋಗುತ್ತಿದ್ದಳು.